ವಿದೇಶದಲ್ಲಿ ಓಡಿಸಿದ ಕಾರನ್ನು ಕರ್ನಾಟಕಕ್ಕೆ ತರುವುದು: ವಿಳಂಬ ಎಲ್ಲಿ ಆಗುತ್ತದೆ, ಖರ್ಚು ಎಲ್ಲಿ ಏರುತ್ತದೆ

ಹೊರದೇಶದಲ್ಲಿ ಕೆಲವು ವರ್ಷ ಇದ್ದು ಊರಿಗೆ ಮರಳಲು ಸಿದ್ಧವಾಗುವವರಲ್ಲಿ ಅನೇಕರು ಒಂದು ಪ್ರಶ್ನೆ ಕೇಳುತ್ತಾರೆ: ಇಲ್ಲಿ ಓಡಿಸುತ್ತಿರುವ ಕಾರನ್ನೇ ಬೆಂಗಳೂರಿಗೆ ತರಬಹುದಾ? ತರಬಹುದು. ಆದರೆ ಷರತ್ತುಗಳು ಬಹಳ ಬಿಗಿ. ಒಂದು ಷರತ್ತು ತಪ್ಪಿದರೂ ಕಾರು ಮುಂಬೈ ಬಂದರಿನಲ್ಲೇ ನಿಲ್ಲುತ್ತದೆ. ನಿಂತ ಪ್ರತಿ ದಿನಕ್ಕೂ ಬಾಡಿಗೆ ಏರುತ್ತದೆ.

ನನ್ನ ಸಲಹೆ ಒಂದೇ. ಕಾಗದ, ಲೆಕ್ಕ, ತಪಾಸಣೆ ಎಲ್ಲವನ್ನೂ ಕಾರು ಹಡಗು ಹತ್ತುವ ಮೊದಲೇ ಮುಗಿಸಿ. ಹಡಗು ಹೊರಟ ಮೇಲೆ ಗೊತ್ತಾಗುವ ಪ್ರತಿ ಸಂಗತಿಗೂ ನೀವು ದುಡ್ಡು ಕೊಡಬೇಕಾಗುತ್ತದೆ. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಹಂತ 1: ನಿಮ್ಮ ಕಾರಿಗೆ ಅರ್ಹತೆ ಇದೆಯಾ, ಮೊದಲು ನೋಡಿ

ಬಳಸಿದ ಕಾರಿನ ಆಮದಿಗೆ ನಿಯಮ ಮಾಡುವುದು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ. ಅದರ ಮುಖ್ಯ ಷರತ್ತುಗಳು ಹೀಗಿವೆ.

ಕಾರು ತಯಾರಾದ ದಿನದಿಂದ 3 ವರ್ಷ ದಾಟಿರಬಾರದು. ನೀವು ಕೊಂಡ ದಿನ ಅಥವಾ ಮೊದಲು ನೋಂದಣಿ ಮಾಡಿಸಿದ ದಿನ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಖಾನೆಯಿಂದ ಹೊರಬಂದು ಷೋರೂಮಿನಲ್ಲಿ ಕೆಲವು ತಿಂಗಳು ನಿಂತ ಕಾರುಗಳು ಬೇಕಾದಷ್ಟಿವೆ. ಹಾಗಾಗಿ ನೋಂದಣಿ ಪತ್ರದ ಪ್ರಕಾರ ಎರಡೂವರೆ ವರ್ಷದ ಕಾರು, ತಯಾರಿಕೆಯ ಲೆಕ್ಕದಲ್ಲಿ 3 ವರ್ಷಕ್ಕೆ ಹತ್ತಿರ ಬಂದಿರಬಹುದು. ಷಾಸಿ ನಂಬರ್ ಕೊಟ್ಟು, ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಗಡುವಿಗೆ ಕೆಲವೇ ವಾರ ಬಾಕಿ ಇದ್ದರೆ ತರುವ ಯೋಚನೆಯನ್ನೇ ಬಿಡಿ. ಹಡಗು ತಡವಾದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಸ್ಟಿಯರಿಂಗ್ ಬಲಗಡೆ ಇರಬೇಕು. ನಮ್ಮ ಕರಾವಳಿಯ ಜನರಿಗೆ ಇದೇ ದೊಡ್ಡ ತಡೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳವರು ದುಬೈ, ದೋಹಾ, ಮಸ್ಕತ್, ಕುವೈತ್‌ನಲ್ಲಿದ್ದಾರೆ. ಅಲ್ಲಿನ ಕಾರುಗಳಿಗೆಲ್ಲ ಸ್ಟಿಯರಿಂಗ್ ಎಡಗಡೆ. ಅಮೆರಿಕ, ಕೆನಡಾ, ಜರ್ಮನಿಯ ಕಾರುಗಳೂ ಹಾಗೇ. ಅಲ್ಲಿಂದ ಬರುವವರು ಕಾರನ್ನು ಅಲ್ಲೇ ಮಾರಿ ಬರುವುದು ಒಳ್ಳೆಯದು. ಅವರಿಗೆ ಈ ಬರಹದ ಉಳಿದ ಹಂತಗಳು ಬೇಕಾಗುವುದಿಲ್ಲ. ಬ್ರಿಟನ್, ಐರ್ಲೆಂಡ್, ಸಿಂಗಪುರ, ಮಲೇಷ್ಯಾ, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಇರುವವರು ಮುಂದೆ ಓದಿ.

ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ವೇಗ ತೋರಿಸಬೇಕು. ಬ್ರಿಟನ್‌ನ ಕಾರುಗಳು ಮೈಲಿಯಲ್ಲಿ ತೋರಿಸುತ್ತವೆ. ಡಿಜಿಟಲ್ ಪರದೆ ಇದ್ದರೆ ಸಾಮಾನ್ಯವಾಗಿ ಸೆಟ್ಟಿಂಗ್‌ನಲ್ಲೇ ಬದಲಿಸಬಹುದು. ಮುಳ್ಳಿನ ಮೀಟರ್ ಆಗಿದ್ದರೆ ಮೀಟರನ್ನೇ ಬದಲಿಸಬೇಕಾಗಬಹುದು. ಆ ಕೆಲಸವನ್ನು ಅಲ್ಲೇ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತೆ ಬೀಳಬೇಕು ಎಂಬ ಷರತ್ತೂ ಇದೆ. ಮೇಲೆ ಹೇಳಿದ ದೇಶಗಳಲ್ಲೂ ಎಡಬದಿಯ ಸಂಚಾರವೇ ಇರುವುದರಿಂದ ಅದು ತೊಂದರೆ ಕೊಡುವುದಿಲ್ಲ.

ಆಮದಾದ ದಿನದಿಂದ ಇನ್ನೂ 5 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯ ಎಂದು ನೀವು ಘೋಷಣೆ ಕೊಡಬೇಕು. ಅದಕ್ಕೆ ಮಾನ್ಯತೆ ಇರುವ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಆ 5 ವರ್ಷವೂ ಭಾರತದಲ್ಲಿ ಸರ್ವಿಸ್ ಸಿಗುತ್ತದೆ ಎಂಬ ಭರವಸೆಯೂ ಬೇಕು. ಇಲ್ಲಿ ಮಾರಾಟವೇ ಇಲ್ಲದ ಕಂಪನಿಯ ಅಥವಾ ಮಾಡೆಲ್‌ನ ಕಾರಾದರೆ ಇದೇ ದೊಡ್ಡ ತಲೆನೋವು.

ಕೊನೆಯದು, ಬಳಸಿದ ಕಾರು ಮುಂಬೈ ಬಂದರಿನ ಮೂಲಕ ಮಾತ್ರ ಬರಬೇಕು. ಪಣಂಬೂರಿನ ನವಮಂಗಳೂರು ಬಂದರು ಮನೆಗೆ ಎಷ್ಟೇ ಹತ್ತಿರವಿರಲಿ, ಅಲ್ಲಿ ಇಳಿಸುವಂತಿಲ್ಲ. ಚೆನ್ನೈ, ಕೊಚ್ಚಿಯೂ ಇಲ್ಲ. ಸಾಗಣೆ ಕಂಪನಿಯವರು ‘ಚೆನ್ನೈಗೆ ಅಗ್ಗ’ ಅಂದರೆ ಒಪ್ಪಬೇಡಿ.

ಇನ್ನೊಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾರು 200 ಕಿಲೋಮೀಟರ್ ಓಡಿದ್ದರೂ ಸರಿ, ವಿದೇಶದಲ್ಲಿ ಒಮ್ಮೆ ನೋಂದಣಿಯಾದರೆ ಅದು ಹೊಸ ಕಾರಲ್ಲ. ನಿಯಮದ ಕಣ್ಣಲ್ಲಿ ಬಳಸಿದ ಕಾರೇ.

ಹಂತ 2: ಸುಂಕದ ಲೆಕ್ಕ ಹಾಕಿ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜಾಸ್ತಿ ಜನ ಬೆಚ್ಚಿಬೀಳುವುದು ಇಲ್ಲೇ.

ಮೊದಲು ಒಂದು ತಪ್ಪು ತಿಳಿವಳಿಕೆ. ಊರಿಗೆ ಕಾಯಂ ಆಗಿ ಮರಳುವವರಿಗೆ ಮನೆ ಸಾಮಾನಿನ ಮೇಲೆ ಸುಂಕದ ರಿಯಾಯಿತಿ ಇದೆ. ಕಾರಿಗೆ ಅದು ಅನ್ವಯಿಸುವುದಿಲ್ಲ. ಕಾರಿಗೆ ಪೂರ್ತಿ ಸುಂಕ.

ಬಳಸಿದ ಕಾರಿನ ಮೇಲೆ ಹಿಂದೆ ಶೇ 125 ಮೂಲ ಸುಂಕ ಇತ್ತು. 2025ರ ಬಜೆಟ್‌ನಲ್ಲಿ ಅದನ್ನು ಶೇ 70ಕ್ಕೆ ಇಳಿಸಲಾಯಿತು. ಸುದ್ದಿ ಓದಿ ಎಷ್ಟೋ ಜನ ಖುಷಿಪಟ್ಟರು. ಆದರೆ ಅದೇ ಬಜೆಟ್‌ನಲ್ಲಿ ಕೃಷಿ ಮೂಲಸೌಕರ್ಯದ ಸೆಸ್ ಎಂದು ಶೇ 67.5 ಸೇರಿತು. ಎರಡೂ ಕೂಡಿ ಶೇ 137.5. ಹಿಂದೆಯೂ ಮೂಲ ಸುಂಕಕ್ಕೆ ಸಮಾಜ ಕಲ್ಯಾಣ ಸರ್‌ಚಾರ್ಜ್ ಸೇರಿ ಇಷ್ಟೇ ಆಗುತ್ತಿತ್ತು. ಅಂದರೆ ನಿಮ್ಮ ಜೇಬಿಗೆ ಏನೂ ಉಳಿಯಲಿಲ್ಲ.

ಇದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ 40. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ಶೇ 18. ಈ ಜಿಎಸ್‌ಟಿ ಬರುವುದು ಕಾರಿನ ಬೆಲೆಯ ಮೇಲಷ್ಟೇ ಅಲ್ಲ, ಸುಂಕ ಸೇರಿದ ಮೊತ್ತದ ಮೇಲೆ. ಎಲ್ಲ ಸೇರಿ ದೊಡ್ಡ ಕಾರಿಗೆ ಸುಮಾರು ಶೇ 232, ಸಣ್ಣ ಕಾರಿಗೆ ಸುಮಾರು ಶೇ 180 ಆಗುತ್ತದೆ.

ಶೇಕಡಾವಾರು ಗೊತ್ತಾಯಿತು. ಯಾವ ಬೆಲೆಯ ಮೇಲೆ? ನೀವು ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಕೊಂಡ ಬೆಲೆಯನ್ನು ಕಸ್ಟಮ್ಸ್‌ನವರು ಹಾಗೇ ಒಪ್ಪುತ್ತಾರೆ ಅಂದುಕೊಳ್ಳಬೇಡಿ. ಕಾರು ಹೊಸದಾಗಿದ್ದಾಗ ಇದ್ದ ಬೆಲೆಯಿಂದ ಶುರು ಮಾಡಿ ಸವಕಳಿ ಕಳೆಯುವುದು ವಾಡಿಕೆ. ಮೊದಲ ವರ್ಷ ಪ್ರತಿ 3 ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5. ಅಂದರೆ 2 ವರ್ಷ ತುಂಬಿದ ಕಾರಿಗೆ ಶೇ 28 ಕಳೆಯುತ್ತದೆ. ಆ ಮೊತ್ತಕ್ಕೆ ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಕೂಡಿಸುತ್ತಾರೆ.

ಲೆಕ್ಕ ಅರ್ಥವಾಗಲು ಕೆಲವು ಅಂಕಿ ಇಟ್ಟುಕೊಳ್ಳೋಣ. ಹೊಸದಾಗಿದ್ದಾಗ 30 ಲಕ್ಷ ರೂಪಾಯಿಯ ದೊಡ್ಡ ಕಾರು, 2 ವರ್ಷ ಹಳೆಯದು. ಸವಕಳಿ ಕಳೆದರೆ 21.6 ಲಕ್ಷ. ಸಾಗಣೆ, ವಿಮೆ 2.4 ಲಕ್ಷ ಎಂದಿಟ್ಟುಕೊಂಡರೆ 24 ಲಕ್ಷ. ಇದರ ಶೇ 137.5 ಅಂದರೆ 33 ಲಕ್ಷ. ಒಟ್ಟು 57 ಲಕ್ಷ. ಅದಕ್ಕೆ ಶೇ 40 ಜಿಎಸ್‌ಟಿ 22.8 ಲಕ್ಷ. ಬಂದರಿನಿಂದ ಹೊರಬರುವಾಗ ಕಾರಿನ ಬೆಲೆ 79.8 ಲಕ್ಷ. ಸುಂಕ ಮತ್ತು ತೆರಿಗೆಯೇ 55.8 ಲಕ್ಷ.

ಇಲ್ಲಿ ಒಂದು ಸಣ್ಣ ಕಾಗದ ದೊಡ್ಡ ದುಡ್ಡು ಉಳಿಸುತ್ತದೆ. ಹಡಗಿನ ಬಾಡಿಗೆಯ ರಸೀದಿ ತೋರಿಸದಿದ್ದರೆ, ಕಸ್ಟಮ್ಸ್ ನಿಯಮದ ಪ್ರಕಾರ ಕಾರಿನ ಬೆಲೆಯ ಶೇ 20ನ್ನು ಬಾಡಿಗೆ ಎಂದು ಸೇರಿಸುತ್ತಾರೆ. ವಿಮೆಯ ಕಾಗದ ಇಲ್ಲದಿದ್ದರೆ ಶೇ 1.125. ಮೇಲಿನ ಕಾರಿಗೆ ಶೇ 20 ಅಂದರೆ 4.32 ಲಕ್ಷ. ಸೇರಿದ ಪ್ರತಿ ರೂಪಾಯಿಯ ಮೇಲೂ ಎರಡು ರೂಪಾಯಿಗಿಂತ ಜಾಸ್ತಿ ಸುಂಕ ಬೀಳುತ್ತದೆ ಅಲ್ವಾ? ರಸೀದಿಯನ್ನು ಜೋಪಾನ ಮಾಡಿ.

ಸುಂಕದ ದರ ಯಾವ ದಿನದ್ದು ಎಂಬುದೂ ಮುಖ್ಯ. ನೀವು ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ವಿವರ ಬರೆದು ಕಸ್ಟಮ್ಸ್‌ಗೆ ಕೊಡುವ ಪತ್ರ ಸಲ್ಲಿಸಿದ ದಿನ, ಹಡಗಿಗೆ ಬಂದರಿನಲ್ಲಿ ಪ್ರವೇಶ ಸಿಕ್ಕ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಆ ದಿನದ ದರ. ಡಾಲರ್, ಪೌಂಡಿನ ವಿನಿಮಯ ದರವೂ ಸರ್ಕಾರ ಪ್ರಕಟಿಸಿದ್ದೇ ಆಗಬೇಕು, ನಿಮ್ಮ ಬ್ಯಾಂಕಿನದಲ್ಲ. ಫೆಬ್ರುವರಿ 1ರ ಬಜೆಟ್ ಹೊತ್ತಿಗೆ ಕಾರು ಸಮುದ್ರದಲ್ಲಿದ್ದರೆ ದರ ಬದಲಾಗುವ ಅಪಾಯ ಇದ್ದೇ ಇರುತ್ತದೆ.

ಈ ಲೆಕ್ಕ ನೋಡಿದ ಮೇಲೆ ಹೆಚ್ಚಿನವರು ಅಲ್ಲೇ ಕಾರು ಮಾರಿ ಬರುತ್ತಾರೆ. ಅದು ಸರಿಯಾದ ತೀರ್ಮಾನ ಎಂದೇ ನಾನು ನಂಬುತ್ತೇನೆ. ಇಲ್ಲಿ ಸಿಗದ ಮಾಡೆಲ್ ಆಗಿದ್ದು, ಅದರ ಮೇಲೆ ಅಷ್ಟು ಪ್ರೀತಿ ಇದ್ದು, ಕೈಯಲ್ಲಿ ಅಷ್ಟು ಹಣವೂ ಇದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಹಡಗಿಗೆ ಮೊದಲು ಮುಗಿಯಬೇಕಾದ ಕಾಗದಗಳು

ಕಾರಿನ ಮೇಲೆ ಸಾಲ ಇದ್ದರೆ ಮೊದಲು ತೀರಿಸಿ, ತೀರಿದ ಪತ್ರ ಪಡೆಯಿರಿ. ಬ್ರಿಟನ್‌ನಲ್ಲಿ ತಿಂಗಳ ಕಂತಿನ ಒಪ್ಪಂದದಲ್ಲಿ ತೆಗೆದುಕೊಂಡ ಕಾರು, ಕೊನೆಯ ಕಂತಿನವರೆಗೆ ನಿಮ್ಮದಲ್ಲ, ಹಣಕಾಸು ಕಂಪನಿಯದು. ಅದನ್ನು ಹಾಗೇ ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಆ ದೇಶದ ನೋಂದಣಿ ಇಲಾಖೆಗೆ ಕಾರು ಕಾಯಂ ಆಗಿ ಹೊರಹೋಗುತ್ತಿದೆ ಎಂದು ತಿಳಿಸಬೇಕು. ಬ್ರಿಟನ್‌ನಲ್ಲಿ ಇದನ್ನು ಡಿವಿಎಲ್‌ಎಗೆ ತಿಳಿಸುತ್ತಾರೆ. ಅಲ್ಲಿನ ನೋಂದಣಿ ಪುಸ್ತಕವಾದ ವಿ5ಸಿಯಲ್ಲಿ ರಫ್ತಿಗೆಂದೇ ಒಂದು ಭಾಗವಿದೆ. ಅದನ್ನು ಹರಿದು ಅವರಿಗೆ ಕಳಿಸಿ, ಉಳಿದ ಪುಸ್ತಕವನ್ನು ನಿಮ್ಮ ಜೊತೆ ತನ್ನಿ. ಇಲ್ಲಿನ ನೋಂದಣಿಗೆ ಅದು ಬೇಕು.

ಹಡಗಿಗೆ ಹಾಕುವ ಮೊದಲು ಮಾನ್ಯತೆ ಇರುವ ಸಂಸ್ಥೆಯಿಂದ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಇದನ್ನು ಕಾರು ಬಂದ ಮೇಲೆ ಮಾಡಿಸಲು ಆಗುವುದಿಲ್ಲ. ತಪಾಸಣೆ ಮಾಡುವವರಿಗೆ ಭಾರತ ಸರ್ಕಾರದ ಮಾನ್ಯತೆ ಇದೆಯಾ ಎಂದು ನಿಮ್ಮ ಕಸ್ಟಮ್ಸ್ ಬ್ರೋಕರ್ (ನಿಮ್ಮ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿ ಸರಕು ಬಿಡಿಸಿಕೊಡುವವರು) ಹತ್ತಿರ ಖಚಿತ ಮಾಡಿಕೊಂಡೇ ದುಡ್ಡು ಕಟ್ಟಿ. ಸ್ಥಳೀಯ ವರ್ಕ್‌ಷಾಪ್ ಕೊಟ್ಟ ಫಿಟ್‌ನೆಸ್ ಚೀಟಿ ಮುಂಬೈಯಲ್ಲಿ ನಡೆಯುವುದಿಲ್ಲ.

ಎಲ್ಲ ಕಾಗದಗಳಲ್ಲೂ ಷಾಸಿ ನಂಬರ್, ಎಂಜಿನ್ ನಂಬರ್, ನಿಮ್ಮ ಹೆಸರು ಒಂದೇ ರೀತಿ ಇರಲಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿದ್ದು, ಕಾರಿನ ಪುಸ್ತಕದಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮವರಲ್ಲಿ ಸಾಮಾನ್ಯ. ಕಸ್ಟಮ್ಸ್‌ಗೆ ಅದು ಬೇರೆ ಮನುಷ್ಯನ ಹಾಗೆ ಕಾಣುತ್ತದೆ. ಪ್ರಶ್ನೆ ಬರುತ್ತದೆ, ಉತ್ತರ ಕೊಡಬೇಕು, ಅಷ್ಟರಲ್ಲಿ ದಿನ ಹೋಗುತ್ತದೆ. ಅಲ್ಲಿರುವಾಗಲೇ ಸರಿಪಡಿಸಿ.

ಕಾರಿಗೆ ಆಮೇಲೆ ಹಾಕಿಸಿದ್ದನ್ನೆಲ್ಲ ತೆಗೆಸಿ. ಗಾಜಿನ ಕಪ್ಪು ಫಿಲ್ಮ್, ಬುಲ್ ಬಾರ್, ಬದಲಿಸಿದ ಸೈಲೆನ್ಸರ್, ಜಾಸ್ತಿ ಬೆಳಕಿನ ಬಲ್ಬು ಯಾವುದೂ ಬೇಡ. ಕಂಪನಿಯಿಂದ ಬಂದ ಗಾಜಿಗೂ ಇಲ್ಲಿ ಮಿತಿ ಇದೆ: ಮುಂದೆ ಮತ್ತು ಹಿಂದೆ ಶೇ 70, ಪಕ್ಕದಲ್ಲಿ ಶೇ 50 ಬೆಳಕು ಒಳಬರಬೇಕು.

ಹಂತ 4: ಸಾಗಣೆ

ಎರಡು ದಾರಿ. ಒಂದು, ಕಂಟೇನರ್. ಇನ್ನೊಂದು, ಕಾರನ್ನು ಓಡಿಸಿಕೊಂಡೇ ಒಳಗೆ ಹತ್ತಿಸುವ ರೋ-ರೋ ಹಡಗು. ಕಂಟೇನರ್‌ನಲ್ಲಿ ಕಾರಿಗೆ ರಕ್ಷಣೆ ಜಾಸ್ತಿ. ಆದರೆ ಖಾಲಿ ಕಂಟೇನರನ್ನು ಹೇಳಿದ ದಿನದೊಳಗೆ ಹಿಂದಿರುಗಿಸಬೇಕು. ತಡವಾದರೆ ಹಡಗು ಕಂಪನಿ ಡಿಟೆನ್ಷನ್ ಎಂಬ ಶುಲ್ಕ ಹಾಕುತ್ತದೆ. ಬಂದರಿನ ಜಾಗದ ಬಾಡಿಗೆ, ಅಂದರೆ ಡೆಮರೇಜ್, ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಬಜೆಟ್ ಹಾಕಿದವರು ಆಮೇಲೆ ಪರದಾಡುತ್ತಾರೆ. ಬುಕ್ ಮಾಡುವಾಗಲೇ ಉಚಿತ ದಿನಗಳು ಎಷ್ಟು, ಆಮೇಲೆ ದಿನಕ್ಕೆ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಉಚಿತ ದಿನ ಹೆಚ್ಚಿಸಿಕೊಡಿ ಎಂದು ಆಗಲೇ ಚೌಕಾಸಿ ಮಾಡಿ. ಕಾರು ಬಂದು ನಿಂತ ಮೇಲೆ ಚೌಕಾಸಿಗೆ ಅವಕಾಶ ಕಡಿಮೆ.

ಕಾರಿನೊಳಗೆ ಮನೆ ಸಾಮಾನು ತುಂಬಿಸಬೇಡಿ. ಜಾಗ ಸುಮ್ನೆ ಯಾಕೆ ಹಾಳು ಎಂದು ಡಿಕ್ಕಿಯಲ್ಲಿ ಮಿಕ್ಸಿ, ಪುಸ್ತಕ, ಬಟ್ಟೆ ಇಡುವವರಿದ್ದಾರೆ. ಘೋಷಿಸದ ಸಾಮಾನು ಸಿಕ್ಕರೆ ಇಡೀ ಕಾರಿನ ಕಡತ ನಿಲ್ಲುತ್ತದೆ. ಸಮುದ್ರ ವಿಮೆ ಮಾಡಿಸುವುದನ್ನು ಮರೆಯಬೇಡಿ. ಹತ್ತಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.

ಹಂತ 5: ಕಸ್ಟಮ್ಸ್

ಬಳಸಿದ ಕಾರು ಬಿಡಿಸಿದ ಅನುಭವ ಇರುವ ಕಸ್ಟಮ್ಸ್ ಬ್ರೋಕರನ್ನು ಹಡಗು ಹೊರಡುವ ಮೊದಲೇ ಗೊತ್ತು ಮಾಡಿ. ಬಂದರಿನವರು ಇವರನ್ನು ಸಿಎಚ್‌ಎ ಎಂದೂ ಕರೆಯುತ್ತಾರೆ. ಮನೆ ಸಾಮಾನು ಬಿಡಿಸುವವರೆಲ್ಲ ಕಾರಿನ ಕೆಲಸ ಬಲ್ಲವರಲ್ಲ. ಹಿಂದೆ ಬಿಡಿಸಿದ ಕಾರಿನ ಬಿಲ್ ಆಫ್ ಎಂಟ್ರಿಯನ್ನು, ಹೆಸರು ಮುಚ್ಚಿಯಾದರೂ ಸರಿ, ತೋರಿಸಲು ಕೇಳಿ. ಫೀಸು, ಬಂದರಿನ ಖರ್ಚು, ಪರೀಕ್ಷೆಯ ಖರ್ಚು ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಡಲು ಹೇಳಿ. ‘ಎಲ್ಲ ಸೇರಿ ಇಷ್ಟು’ ಎಂಬ ಬಾಯಿಮಾತು ಬೇಡ.

ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ. ಸುಂಕ ಕಟ್ಟುವುದು ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ವಿದೇಶದ ಖಾತೆಯಿಂದ ಅರ್ಧ ಕೋಟಿಗೂ ಮಿಕ್ಕಿದ ಹಣ ತರಿಸುವುದು ಒಂದು ದಿನದ ಕೆಲಸವಲ್ಲ. ಹಣವನ್ನು ಮೊದಲೇ ಇಲ್ಲಿನ ಖಾತೆಯಲ್ಲಿ ಸಿದ್ಧ ಇಡಿ.

ಕಾರು ಇಳಿದು 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ, ನೋಟಿಸ್ ಕೊಟ್ಟು ಹರಾಜು ಹಾಕುವ ಅಧಿಕಾರ ಕಾನೂನಿನಲ್ಲಿದೆ. ತಡವಾಗುವ ಸೂಚನೆ ಕಂಡರೆ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 49ರ ಅಡಿ, ಕಾರನ್ನು ಗೋದಾಮಿಗೆ ಸಾಗಿಸಲು ಅನುಮತಿ ಕೇಳಬಹುದು. ಬಂದರಿನ ಬಾಡಿಗೆಗಿಂತ ಗೋದಾಮು ಅಗ್ಗವೇ ಎಂದು ಲೆಕ್ಕ ಹಾಕಿ ನಿರ್ಧರಿಸಿ.

ಷರತ್ತು ತಪ್ಪಿದ ಕಾರನ್ನು ಕಸ್ಟಮ್ಸ್‌ನವರು ಮುಟ್ಟುಗೋಲು ಹಾಕಬಹುದು. ‘ದಂಡ ಕಟ್ಟಿದರೆ ಬಿಡುತ್ತಾರೆ’ ಎಂದು ಧೈರ್ಯ ಹೇಳುವವರು ಸಿಗುತ್ತಾರೆ. ನಿಷೇಧಿತ ಸರಕನ್ನು ದಂಡ ಪಡೆದು ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು, ನಿಮ್ಮ ಹಕ್ಕಲ್ಲ. ದಂಡ, ಪೆನಾಲ್ಟಿ, ಆಮೇಲೆ ಪೂರ್ತಿ ಸುಂಕ ಎಲ್ಲ ಸೇರಿದರೆ ಕಾರಿನ ಆಸೆಯೇ ಹೋಗುತ್ತದೆ.

ಹಂತ 6: ಇಲ್ಲಿನ ಪರೀಕ್ಷೆ

ವಿದೇಶದಲ್ಲಿ ತಪಾಸಣೆ ಆಗಿದ್ದರೂ ಇಲ್ಲಿ ಮತ್ತೊಂದು ಪರೀಕ್ಷೆ ಇದೆ. ಕಾರು ಬಂದರಿಗೆ ಬಂದ ಮೇಲೆ, ಆದರೆ ಕಸ್ಟಮ್ಸ್‌ನಿಂದ ಬಿಡುಗಡೆಯಾಗುವ ಮೊದಲು, ಅದನ್ನು ಪರೀಕ್ಷೆಗೆ ಒಪ್ಪಿಸಬೇಕು. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ, ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ, ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೃಷಿ ಯಂತ್ರಗಳ ಕೇಂದ್ರ ನಿಯಮದಲ್ಲಿ ಹೆಸರಿಸಿದ ಸಂಸ್ಥೆಗಳು. ಕಾರು ಮೋಟಾರು ವಾಹನ ಕಾಯ್ದೆ ಮತ್ತು ನಿಯಮಗಳಿಗೆ ಹೊಂದುತ್ತದೆ ಎಂದು ಇವರು ಪ್ರಮಾಣಪತ್ರ ಕೊಡಬೇಕು.

ಯೋಜನೆಯ ದಿನಗಳು ತಪ್ಪುವುದು ಮುಖ್ಯವಾಗಿ ಇಲ್ಲೇ. ಪರೀಕ್ಷೆಗೆ ಸರದಿ ಸಿಗಬೇಕು. ಮುಂಬೈಯಿಂದ ಪುಣೆಗೆ ಕಾರನ್ನು ಕಸ್ಟಮ್ಸ್ ಅನುಮತಿಯ ಮೇಲೆ ಲಾರಿಯಲ್ಲೇ ಕಳಿಸಬೇಕು. ಏನಾದರೂ ಕೊರತೆ ಕಂಡರೆ ಸರಿಪಡಿಸಿ ಮತ್ತೆ ತೋರಿಸಬೇಕು. ಹೊಗೆಯ ಮಾನದಂಡವೂ ಬರುತ್ತದೆ. 2020ರ ಏಪ್ರಿಲ್‌ನಿಂದ ಇಲ್ಲಿ ಬಿಎಸ್-6 ಜಾರಿಯಲ್ಲಿದೆ. ಯುರೋಪಿನ ಹೊಗೆ ಮಾನದಂಡವಾದ ಯುರೋ-6ರ ಕಾರಿಗೆ ತಯಾರಕರಿಂದ ಅನುಸರಣಾ ಪತ್ರ ತಂದಿದ್ದರೆ ಮಾತುಕತೆ ಸುಲಭ. ಈ ಪತ್ರಕ್ಕೆ ವಿದೇಶದಲ್ಲೇ, ಕಾರು ನಿಮ್ಮ ಕೈಯಲ್ಲಿ ಇರುವಾಗಲೇ ಅರ್ಜಿ ಹಾಕಿ. ಪರೀಕ್ಷಾ ಸಂಸ್ಥೆಗೂ ಮೊದಲೇ ಬರೆದು, ನಿಮ್ಮ ಮಾಡೆಲ್‌ಗೆ ಯಾವ ಪರೀಕ್ಷೆ ಬೇಕು, ಶುಲ್ಕ ಎಷ್ಟು, ದಿನ ಯಾವಾಗ ಎಂದು ಉತ್ತರ ತರಿಸಿಕೊಳ್ಳಿ. ಆ ಉತ್ತರ ಬರದೆ ಹಡಗು ಬುಕ್ ಮಾಡಬೇಡಿ.

ಹಂತ 7: ಬೆಂಗಳೂರು ಮತ್ತು ಆರ್‌ಟಿಒ

ನಂಬರ್ ಇಲ್ಲದ ಕಾರನ್ನು ಮುಂಬೈಯಿಂದ ಓಡಿಸಿಕೊಂಡು ಬರಬೇಡಿ. ಕಾರು ಸಾಗಿಸುವ ಲಾರಿಯಲ್ಲಿ ತರಿಸಿ.

ಆರ್‌ಟಿಒದಲ್ಲಿ ನೋಂದಣಿ ಅರ್ಜಿಯಾದ ಫಾರ್ಮ್ 20, ಬಿಲ್ ಆಫ್ ಎಂಟ್ರಿ, ಕಸ್ಟಮ್ಸ್ ಕ್ಲಿಯರೆನ್ಸ್ ಪತ್ರ, ಪರೀಕ್ಷಾ ಪ್ರಮಾಣಪತ್ರ, ವಿಮೆ, ವಿಳಾಸದ ದಾಖಲೆ, ವಿದೇಶದ ನೋಂದಣಿ ಪುಸ್ತಕ ಕೊಡಬೇಕು. ಆಮದಾದ ವಾಹನಕ್ಕೆ ನೋಂದಣಿ ಶುಲ್ಕ 5,000 ರೂಪಾಯಿ. ಇದು ಸಣ್ಣ ಮೊತ್ತ. ದೊಡ್ಡದು ಕರ್ನಾಟಕದ ಜೀವಾವಧಿ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ಆಮದಾದ ಕಾರಿಗೆ ಇದನ್ನು ಸುಂಕ ಸೇರಿದ ಬೆಲೆಯ ಮೇಲೆ ಹಾಕುತ್ತಾರೆ. ನಮ್ಮ ಉದಾಹರಣೆಯ 79.8 ಲಕ್ಷದ ಕಾರಿಗೆ ಸುಮಾರು 16 ಲಕ್ಷ. ಅಲ್ಲಿಗೆ ಒಟ್ಟು 96 ಲಕ್ಷದ ಹತ್ತಿರ. ಸುಂಕ ಕಟ್ಟಿದ ಮೇಲೆ ಖರ್ಚು ಮುಗಿಯಿತು ಎಂದುಕೊಂಡವರಿಗೆ ಇದೇ ದೊಡ್ಡ ಹೊಡೆತ.

ವಿಮೆ ಕಂಪನಿಯವರನ್ನೂ ಮೊದಲೇ ಮಾತಾಡಿಸಿ. ಇಲ್ಲಿ ಮಾರಾಟವಿಲ್ಲದ ಮಾಡೆಲ್‌ಗೆ ಬೆಲೆ ನಿಗದಿ ಮಾಡಲು ಅವರು ಸಮಯ ಕೇಳುತ್ತಾರೆ. ವಿಮೆ ಇಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಆರ್‌ಟಿಒದ ವಾಹನ್ ತಂತ್ರಾಂಶದಲ್ಲಿ ನಿಮ್ಮ ಮಾಡೆಲ್ ಇಲ್ಲದಿದ್ದರೆ ಅದನ್ನು ಸೇರಿಸುವವರೆಗೂ ಕಾಯಬೇಕು. ಕೊನೆಗೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್.

ಅಡ್ಡದಾರಿಗಳ ಬಗ್ಗೆ

ಪುದುಚೇರಿಯಲ್ಲಿ ಸುಳ್ಳು ವಿಳಾಸ ಕೊಟ್ಟು ನೋಂದಣಿ ಮಾಡಿಸಿ ಎಂದು ಸಲಹೆ ಬರುತ್ತದೆ. ಕಾರು ಓಡಾಡುವುದು ಬೆಂಗಳೂರಿನಲ್ಲಾದರೆ ತೆರಿಗೆ ಇಲ್ಲೇ ಕಟ್ಟಬೇಕು. ಹಾಗೆ ತಪ್ಪಿಸಿದ ಐಷಾರಾಮಿ ಕಾರುಗಳನ್ನು ಇಲ್ಲಿನ ಸಾರಿಗೆ ಇಲಾಖೆ ರಸ್ತೆಯಲ್ಲೇ ಹಿಡಿದಿದೆ.

‘ಆಗಲೇ ಆಮದಾಗಿದೆ, ಕಾಗದ ಎಲ್ಲ ಇದೆ, ಅಗ್ಗಕ್ಕೆ ಕೊಡುತ್ತೇವೆ’ ಎಂಬ ಕಾರಿನ ಬಗ್ಗೆಯೂ ಎಚ್ಚರ ಇರಲಿ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ‘ಆಪರೇಷನ್ ನುಮ್ಖೋರ್’ ಎಂಬ ಕಾರ್ಯಾಚರಣೆ ನಡೆಸಿದರು. ಭೂತಾನ್‌ನಿಂದ ಸುಂಕ ಕಟ್ಟದೆ ತಂದು, ಭಾರತದಲ್ಲಿ ಬೇರೆ ಕಡೆ ನೋಂದಣಿ ಮಾಡಿಸಿ ಮಾರಿದ್ದಾರೆ ಎಂಬ ಆರೋಪದ ಕಾರುಗಳನ್ನು ವಶಪಡಿಸಿಕೊಂಡರು. ಅಂಥ ಕಾರು ಎರಡನೇ, ಮೂರನೇ ಕೈ ದಾಟಿದ್ದರೂ ಈಗ ಯಾರ ಹತ್ತಿರ ಇದೆಯೋ ಅವರ ಮನೆಯಿಂದಲೇ ಹೋಗುತ್ತದೆ. ಆರ್‌ಸಿ ಮಾತ್ರ ನೋಡಿ ಕೊಳ್ಳಬೇಡಿ. ಬಿಲ್ ಆಫ್ ಎಂಟ್ರಿ ಕೇಳಿ, ಅದರ ನಂಬರ್ ಮತ್ತು ದಿನಾಂಕವನ್ನು ಕಸ್ಟಮ್ಸ್‌ನ ಐಸ್‌ಗೇಟ್ ಜಾಲತಾಣದಲ್ಲಿ ಬ್ರೋಕರ್ ಮೂಲಕ ಪರಿಶೀಲಿಸಿ.

ಕೆಲವು ತಿಂಗಳ ಪ್ರವಾಸಕ್ಕೆ ಮಾತ್ರ ಕಾರು ತರುವುದಾದರೆ ಕಾರ್ನೆ ಎಂಬ ವ್ಯವಸ್ಥೆ ಇದೆ. ಕಾರು ಇರುವ ದೇಶದ ಮೋಟಾರು ಸಂಘದಲ್ಲಿ ಠೇವಣಿ ಇಟ್ಟು ಕಾರ್ನೆ ಪಡೆಯಬೇಕು. ಸುಂಕ ಕಟ್ಟದೆ ಕಾರು ತರಬಹುದು, ಆದರೆ ಅವಧಿ ಮುಗಿಯುವ ಮೊದಲು ವಾಪಸ್ ಒಯ್ಯಲೇಬೇಕು. ಮಾರುವಂತಿಲ್ಲ. ತಡವಾದರೆ ಠೇವಣಿಯಿಂದ ಸುಂಕ ವಸೂಲಾಗುತ್ತದೆ.

ಆರ್‌ಸಿ ಕೈಗೆ ಬಂದ ದಿನ ಒಂದು ಕೆಲಸ ಮಾಡಿ. ಬಿಲ್ ಆಫ್ ಎಂಟ್ರಿ, ಸುಂಕ ಕಟ್ಟಿದ ಚಲನ್, ಪರೀಕ್ಷಾ ಪತ್ರ, ವಿದೇಶದ ನೋಂದಣಿ ಪುಸ್ತಕ, ಜೀವಾವಧಿ ತೆರಿಗೆಯ ರಸೀದಿ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿಗಳನ್ನು ಕಾರಿನಲ್ಲಿಡದೆ ಮನೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಮಾರುವಾಗ, ವಿಮೆ ಕ್ಲೇಮ್ ಮಾಡುವಾಗ, ಕಸ್ಟಮ್ಸ್‌ನಿಂದ ಯಾವಾಗಲಾದರೂ ಪತ್ರ ಬಂದಾಗ ಕೇಳುವುದು ಇದೇ ಕಾಗದಗಳನ್ನು.